ಎರಡನೇ ಸಲ ಶಾಲೆಗೆ

ಜೂನ್ ತಿಂಗಳ ನಡುವಿನ ಒಂದು ಬೆಳಿಗ್ಗೆ. ಪಾರ್ಸಿಕ್ ಬೆಟ್ಟದ ಸಾಲು ಮೋಡದೊಳಗೆ ಮುಚ್ಚಿಹೋಗಿದೆ. ರಾತ್ರಿಯಿಡೀ ತೋಯ್ದ ಗುಲ್‌ಮೊಹರ್ ಮರಗಳು ನವಿ ಮುಂಬಯಿಯ ನೆರೂಳಿನ ಸೆಕ್ಟರ್ ರಸ್ತೆಗಳ ಮೇಲೆ ಕೊನೆಯ ಕೆಂಪು ಎಸಳುಗಳನ್ನು ಚೆಲ್ಲಿವೆ. ಸೊಸೈಟಿಯ ಗೇಟಿನ ಬಳಿ, ವಾಚ್‌ಮನ್ ಕೂರುವ ತಗಡಿನ ಮಾಡಿನ ಕೆಳಗೆ, ಏಳೆಂಟು ಮಕ್ಕಳು ಬಣ್ಣಬಣ್ಣದ ರೇನ್‌ಕೋಟು ತೊಟ್ಟು ಶಾಲೆಯ ಬಸ್ಸಿಗೆ ಕಾಯುತ್ತಿದ್ದಾರೆ. ಬೇಸಿಗೆ ರಜೆ ಮುಗಿದು ರಾಜ್ಯ ಮಂಡಳಿಯ ಶಾಲೆಗಳು ಮತ್ತೆ ತೆರೆಯುವ ದಿನ ಇದು.

ಉಡುಪಿ ಕಡೆಯಿಂದ ಬಂದ ತಂದೆಯೊಬ್ಬರು ಒದ್ದೆ ನೆಲಕ್ಕೆ ಮೊಣಕಾಲೂರಿ ಮಗನ ಬೂಟಿನ ದಾರ ಬಿಗಿಯುತ್ತಿದ್ದಾರೆ.

"ಡೈರಿ ಹಾಕಿದ್ದೀಯಾ?"

"ಹಾಕಿದ್ದೇನೆ ಪಪ್ಪ."

"ಪೆನ್ಸಿಲ್?"

"ಉಂಟು."

"ಎರಡು ಉಂಟಾ? ಒಂದು ಮುರಿದರೆ ಎಂತ ಮಾಡ್ತಿ?"

ಮೂರನೆಯ ತರಗತಿಯ ಹುಡುಗ ಉತ್ತರ ಕೊಡುವುದಿಲ್ಲ. ಪಕ್ಕದ ಗೆಳೆಯನ ಬೂಟಿನೊಳಗೆ ನೀರು ಹೊಕ್ಕು ಹೆಜ್ಜೆ ಇಟ್ಟಾಗಲೆಲ್ಲ ಕಿರ್ ಎನ್ನುತ್ತಿದೆ. ಇಬ್ಬರಿಗೂ ನಗು ತಡೆಯಲು ಆಗುತ್ತಿಲ್ಲ. ಹಳದಿ ಬಸ್ಸು ಬಂತು, ಮಕ್ಕಳು ಹತ್ತಿದರು, ಬಸ್ಸು ಹೋಯಿತು. ಹುಡುಗ ತಿರುಗಿಯೂ ನೋಡಲಿಲ್ಲ. ತಂದೆ ಮಾತ್ರ ಕೊಡೆ ಬಿಡಿಸುವುದನ್ನೂ ಮರೆತು ಅಲ್ಲೇ ನಿಂತಿದ್ದಾರೆ. ಬೇಲಾಪುರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ, ನಲವತ್ತು ದಾಟಿದ ಮನುಷ್ಯ ಅವರು. "ಶಾಲೆ ಶುರುವಾಗುವ ದಿನ ನನಗೆ ಈಗಲೂ ಹೊಟ್ಟೆ ನೋಯ್ತದೆ ಮಾರಾಯ್ರೆ. ನಮಗೆ ಮೊದಲ ಪಿರಿಯಡ್ಡೇ ಗಣಿತ. ಮಾಸ್ಟ್ರು ಬಾಗಿಲಿಗೆ ಬರುವ ಮೊದಲೇ ಬೆತ್ತದ ಸದ್ದು ಬರ್ತಿತ್ತು," ಎಂದು ಅವರು ನೆನೆಯುತ್ತಾರೆ.

ಬಸ್ಸಿನಲ್ಲಿ ಹೋದ ಹುಡುಗನಿಗೆ ಆ ಮಾಸ್ಟ್ರು ಗೊತ್ತಿಲ್ಲ, ಆ ಬೆತ್ತವೂ ಗೊತ್ತಿಲ್ಲ. ಆದರೆ ಎರಡು ಪೆನ್ಸಿಲ್ ಇಲ್ಲದೆ ಶಾಲೆಗೆ ಹೋಗುವುದು ಅಪಾಯ ಎಂಬುದನ್ನು ಅವನು ನಿಧಾನವಾಗಿ ಕಲಿಯುತ್ತಿದ್ದಾನೆ. ಮೂವತ್ತು ವರ್ಷಗಳ ಹಿಂದೆ ಕರಾವಳಿಯ ಒಂದು ಹಂಚಿನ ಮಾಡಿನ ಶಾಲೆಯಲ್ಲಿ ಹುಟ್ಟಿದ ಹೆದರಿಕೆ ನೆರೂಳಿನ ಗೇಟಿನ ಬಳಿ ಹೊಸ ವಿದ್ಯಾರ್ಥಿಯನ್ನು ಹುಡುಕಿಕೊಳ್ಳುತ್ತಿರುವುದು ಹೀಗೆ.

ನೆರೂಳು ವಯಸ್ಸಿನಲ್ಲಿ ಚಿಕ್ಕ ಊರು. ನವಿ ಮುಂಬಯಿಯನ್ನು ಕಟ್ಟಲೆಂದು ಸಿಡ್ಕೋ ಸಂಸ್ಥೆ ಸ್ಥಾಪನೆಯಾದದ್ದು 1970ರಲ್ಲಿ. ವಾಶಿಯ ಖಾಡಿ ದಾಟಿ ಲೋಕಲ್ ರೈಲು ಈಚೆ ದಡಕ್ಕೆ ಬಂದದ್ದು 1992ರಲ್ಲಿ. ಠಾಣೆಯ ಕಡೆಯಿಂದ ನೇರ ರೈಲು ಬರಲು 2004ರ ತನಕ ಕಾಯಬೇಕಾಯಿತು. ರೈಲಿನ ಜೊತೆಗೆ ಜನ ಬಂದರು. ಸಯನ್, ಚೆಂಬೂರುಗಳ ಒಂದು ಕೋಣೆಯ ಮನೆಗಳಲ್ಲಿ ಬೆಳೆದ ಕನ್ನಡ, ತುಳು ಕುಟುಂಬಗಳ ಎರಡನೆಯ ತಲೆಮಾರು ಇಲ್ಲಿ ಎರಡು ಕೋಣೆಯ ಫ್ಲ್ಯಾಟು ಕೊಂಡಿತು. ಧಾರವಾಡ, ಬೆಳಗಾವಿ, ಕಲಬುರಗಿಗಳಿಂದ ಕೆಲಸ ಹುಡುಕಿ ನೇರವಾಗಿ ಬಂದವರೂ ಸೇರಿಕೊಂಡರು. ನೆರೂಳಿನ ಶನೀಶ್ವರ ಮಂದಿರದಲ್ಲಿ ಶನಿವಾರ ಸಂಜೆ ನಿಂತರೆ ತುಳು, ಕನ್ನಡ, ಮರಾಠಿ ಮೂರೂ ಒಂದೇ ಸಾಲಿನಲ್ಲಿ ಕೇಳುತ್ತವೆ.

ಈ ಕುಟುಂಬಗಳ ಹಿಂದಿನ ಕಥೆಯಲ್ಲಿ ಶಾಲೆಗೆ ವಿಚಿತ್ರವಾದ ಜಾಗವಿದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಮುಂಬಯಿ ಎಂಬ ಊರಿನ ಹೆಸರು ಮೊದಲು ಕೇಳಿಸಿದ್ದೇ ನಪಾಸಿನ ಜೊತೆಗೆ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷ್ ಅಥವಾ ಗಣಿತ ಹೋಯಿತೆಂದರೆ ಹುಡುಗನನ್ನು ಮುಂಬಯಿ ಬಸ್ಸಿಗೆ ಹತ್ತಿಸುತ್ತಿದ್ದರು. ಅಲ್ಲಿ ಸೋದರಮಾವನದೋ ದೊಡ್ಡಪ್ಪನದೋ ಪರಿಚಯದ ಹೋಟೆಲು ಇರುತ್ತಿತ್ತು. ಮೊದಲು ಲೋಟ ತೊಳೆಯುವ ಕೆಲಸ, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಗಲ್ಲಾ. ಪರೀಕ್ಷೆಯಲ್ಲಿ ಹೋದ ಐದು ಅಂಕ ಇಡೀ ಬಾಳಿನ ದಿಕ್ಕನ್ನು ಬದಲಾಯಿಸಿದ್ದನ್ನು ಕಣ್ಣಾರೆ ಕಂಡ ತಲೆಮಾರು ಅದು.

ಅದೇ ತಲೆಮಾರಿಗೆ ಮುಂಬಯಿಯೇ ಇನ್ನೊಂದು ಬಾಗಿಲನ್ನೂ ತೆರೆಯಿತು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಷನ್‌ನಂಥ ಸಂಸ್ಥೆಗಳು ಊರಿನಿಂದ ಬಂದ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲೆಲ್ಲ ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ನಿಂತ ಕಾಲುಗಳು ರಾತ್ರಿ ಬೆಂಚಿನ ಕೆಳಗೆ ಬಂದು ಕೂರುತ್ತಿದ್ದವು. ಮುಂಬಯಿಯ ಬ್ಯಾಂಕು, ರೈಲ್ವೆ, ವಕೀಲಿ, ಉದ್ಯಮಗಳಲ್ಲಿ ಹೆಸರು ಮಾಡಿದ ಅನೇಕ ಕನ್ನಡಿಗರು ಈ ಬೆಂಚುಗಳಿಂದ ಎದ್ದು ಬಂದವರು. ಆ ಹಿರಿಯರಲ್ಲಿ ಹಲವರು ಇವತ್ತು ನೆರೂಳಿನಲ್ಲಿ ಮಕ್ಕಳ ಮನೆಯಲ್ಲಿದ್ದಾರೆ. ಸಂಜೆ ಕೆರೆಯ ದಂಡೆಯ ಬೆಂಚಿನ ಮೇಲೆ ಅವರು ಕುಳಿತಾಗ ಮೊಮ್ಮಕ್ಕಳ ಅಂಕದ ಮಾತು ಬಂದೇ ಬರುತ್ತದೆ. "ನಾವು ಪೆಟ್ಟು ತಿಂದೇ ಕಲಿತದ್ದು, ಹಸಿದೇ ಓದಿದ್ದು," ಎಂದು ಒಬ್ಬರು ಹೇಳುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಆ ಮಾತಿನಲ್ಲಿ ಹೆಮ್ಮೆ ಇದೆ, ಅದು ನ್ಯಾಯವಾದ ಹೆಮ್ಮೆ. ಆದರೆ ಪೆಟ್ಟು ಬಿದ್ದಾಗ ಹೇಗನಿಸಿತು ಎಂಬುದು ಆ ಮಾತಿನಲ್ಲಿ ಇಲ್ಲ. ಮಗ ಅದನ್ನು ಕೇಳಿಸಿಕೊಂಡಿಲ್ಲ, ಮೊಮ್ಮಗನೂ ಕೇಳಿಸಿಕೊಂಡಿಲ್ಲ.

ಆಗಸ್ಟ್ ತಿಂಗಳ ರಾತ್ರಿ. ಮೊದಲ ಯೂನಿಟ್ ಟೆಸ್ಟ್ ಹತ್ತಿರ ಬಂದಿದೆ. ಸೆಕ್ಟರಿನ ಸ್ಟೇಷನರಿ ಅಂಗಡಿಯಲ್ಲಿ ನವನೀತ್ ಪ್ರಕಾಶನದ ಡೈಜೆಸ್ಟು, ಕಂದು ಕಾಗದದ ರೋಲು, ಹೆಸರು ಬರೆಯುವ ಲೇಬಲ್ಲುಗಳ ವ್ಯಾಪಾರ ಒಂಬತ್ತೂವರೆಯ ತನಕ ನಡೆಯುತ್ತದೆ. ಮೂರನೆಯ ಮಹಡಿಯ ಮನೆಯೊಂದರಲ್ಲಿ ಊಟದ ಮೇಜಿನ ಮೇಲೆ ಗಣಿತದ ಪುಸ್ತಕ ತೆರೆದಿದೆ. ಧಾರವಾಡದ ತಾಯಿ, ನಾಲ್ಕನೆಯ ತರಗತಿಯ ಮಗಳು. ಭಿನ್ನರಾಶಿಯ ಲೆಕ್ಕ.

"ಇನ್ನೊಮ್ಮೆ ನೋಡು. ಕೆಳಗಿನ ಸಂಖ್ಯೆ ಒಂದ ಇರಬೇಕಲ್ಲ?"

"ಮಿಸ್ ಹಾಗೆ ಹೇಳಿಕೊಟ್ಟಿಲ್ಲ ಅಮ್ಮ."

"ಮಿಸ್ ಹೆಂಗರ ಹೇಳಲಿ, ಉತ್ತರ ತಪ್ಪೈತಿ!"

ದನಿ ಏರಿತು. ಮಗಳ ಕೈಯಲ್ಲಿದ್ದ ರಬ್ಬರು ಕಾಗದವನ್ನು ಹರಿಯುವಷ್ಟು ಉಜ್ಜತೊಡಗಿತು. ತಾಯಿಯ ಎದೆ ಹೊಡೆದುಕೊಳ್ಳುತ್ತಿದೆ. ಉತ್ತರ ನಿಜಕ್ಕೂ ತಪ್ಪೇ ಎಂಬುದು ಅವರಿಗೂ ಖಚಿತವಿಲ್ಲ. ಏಳನೆಯ ತರಗತಿಯಲ್ಲಿ ಬೋರ್ಡಿನ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತದ್ದು, ಲೆಕ್ಕ ಬರದೆ ಪಿರಿಯಡ್ ಮುಗಿಯುವ ತನಕ ಹಾಗೇ ನಿಲ್ಲಿಸಿದ್ದು, ಬೆನ್ನ ಹಿಂದೆ ಇಡೀ ತರಗತಿ ನಕ್ಕದ್ದು ಎಲ್ಲ ಈ ಮೇಜಿನ ಮೇಲೆ ಬಂದು ಕುಳಿತಿವೆ. ಮಗಳಿಗೆ ಕಾಣುವುದು ಸಿಟ್ಟಿನ ಮುಖ ಮಾತ್ರ. ಲೆಕ್ಕವೆಂದರೆ ಅಮ್ಮನಿಗೆ ಸಿಟ್ಟು ಬರಿಸುವ ವಸ್ತು ಎಂದು ಅವಳು ತಿಳಿದುಕೊಳ್ಳುತ್ತಾಳೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಒಂದನೆಯ ಮತ್ತು ಎರಡನೆಯ ತರಗತಿಯ 438 ಮಕ್ಕಳನ್ನೂ ಅವರ ಹೆತ್ತವರನ್ನೂ ಒಂದು ಶಾಲಾ ವರ್ಷ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಣಿತಕ್ಕೆ ಹೆದರುವ ಹೆತ್ತವರ ಮಕ್ಕಳು ಆ ವರ್ಷ ಗಣಿತವನ್ನು ಕಡಿಮೆ ಕಲಿತರು, ವರ್ಷದ ಕೊನೆಗೆ ಅವರಿಗೂ ಹೆಚ್ಚು ಹೆದರಿಕೆ ಇತ್ತು. ಆದರೆ ಇದು ಕಂಡದ್ದು ಆ ಹೆತ್ತವರು ಮತ್ತೆ ಮತ್ತೆ ಮಕ್ಕಳ ಮನೆಗೆಲಸಕ್ಕೆ ಕೂತ ಮನೆಗಳಲ್ಲಿ ಮಾತ್ರ. ಹೆದರುವ ಹೆತ್ತವರು ಮನೆಗೆಲಸಕ್ಕೆ ಅಷ್ಟಾಗಿ ಕೂರದ ಮನೆಗಳಲ್ಲಿ ಹೆದರಿಕೆ ಮಕ್ಕಳಿಗೆ ದಾಟಿದ್ದು ಕಾಣಲಿಲ್ಲ. ಪ್ರೀತಿಯಿಂದ ಮೇಜಿಗೆ ಎಳೆದ ಕುರ್ಚಿಯಿಂದಲೇ ಹೆದರಿಕೆ ದಾಟುತ್ತದೆ ಎಂಬುದು ಯಾವ ತಾಯಿಗೂ ಸಂಕಟದ ಸುದ್ದಿ.

ಶಿಕಾಗೋದಲ್ಲಿ ನಡೆದು ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗ ಸಮಾಧಾನವನ್ನೂ ಕೊಟ್ಟಿತು. ರಾತ್ರಿ ಮಲಗುವ ಮುನ್ನ ಹೆತ್ತವರೂ ಮಕ್ಕಳೂ ಜೊತೆಗೆ ಓದುವ ಸಣ್ಣ ಕಥೆಗಳು, ಕಥೆಯ ಕೊನೆಗೆ ಒಂದೆರಡು ಲೆಕ್ಕ. ಅಂಕವಿಲ್ಲ, ಕೆಂಪು ಶಾಯಿಯಿಲ್ಲ. ಹೀಗೆ ಓದಿದ ಮಕ್ಕಳು ವರ್ಷದ ಕೊನೆಗೆ ಗಣಿತದಲ್ಲಿ ಮುಂದೆ ಬಂದರು. ಹೆಚ್ಚು ಲಾಭವಾದದ್ದು ಗಣಿತಕ್ಕೆ ಹೆದರುವ ಹೆತ್ತವರ ಮಕ್ಕಳಿಗೆ. ಹೆದರುವ ತಾಯಿ ಮೇಜಿನಿಂದ ಏಳಬೇಕಾಗಿಲ್ಲ ಎಂದಾಯಿತು. ಪರೀಕ್ಷಕಿಯ ಕೆಲಸ ಬಿಟ್ಟು ಜೊತೆಗಾರ್ತಿಯಾದರೆ ಸಾಕು.

ಇದಕ್ಕೆ ಸಾಕ್ಷಿ ಅದೇ ಮೇಜಿನ ಮೇಲೆ ಹತ್ತು ನಿಮಿಷದ ನಂತರ ಸಿಗುತ್ತದೆ. ಗಣಿತದ ಪುಸ್ತಕ ಮುಚ್ಚಿ ಮಗಳು ಮರಾಠಿ ಪುಸ್ತಕ ತೆಗೆಯುತ್ತಾಳೆ. ಮಹಾರಾಷ್ಟ್ರದಲ್ಲಿ ಯಾವ ಮಂಡಳಿಯ ಶಾಲೆಯಾದರೂ ಮರಾಠಿ ಕಲಿಸಲೇಬೇಕು ಎಂಬ ಕಾನೂನು 2020ರಲ್ಲಿ ಬಂತು. ಧಾರವಾಡದ ತಾಯಿ ಶಾಲೆಯಲ್ಲಿ ಮರಾಠಿ ಕಲಿತವರಲ್ಲ. ಮಾರುಕಟ್ಟೆಯಲ್ಲಿ, ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕಿವಿಯಿಂದ ಕಲಿತವರು. ಮಗಳು ಓದುತ್ತಾಳೆ, ತಾಯಿ ತಪ್ಪು ಉಚ್ಚರಿಸುತ್ತಾರೆ, ಮಗಳು ತಿದ್ದುತ್ತಾಳೆ, ಇಬ್ಬರೂ ನಗುತ್ತಾರೆ. ಒಂದು ಪದದ ಅರ್ಥ ಇಬ್ಬರಿಗೂ ತಿಳಿಯದೆ ಕೆಳಗಿನ ಮಹಡಿಯ ಆಜಿಯನ್ನು ಕೇಳಲು ಓಡುತ್ತಾರೆ. ಮರಾಠಿಯ ಪಾಠಕ್ಕೆ ಈ ತಾಯಿಯ ಬಾಲ್ಯದಲ್ಲಿ ಗಾಯವಿಲ್ಲ. ಆದ್ದರಿಂದ ಆ ಪಾಠ ಮಗಳಿಗೆ ಬರಿಯ ಪಾಠವಾಗಿಯೇ ತಲುಪುತ್ತದೆ. ಮನೆಯೂ ಒಂದೇ, ಮೇಜೂ ಒಂದೇ, ತಾಯಿ ಮಗಳೂ ಅವರೇ. ಬದಲಾದದ್ದು ತಾಯಿಯ ನೆನಪು ಮಾತ್ರ.

ದೀಪಾವಳಿಗೆ ಮುಂಚೆ ಶಾಲೆಗಳಲ್ಲಿ ಓಪನ್ ಹೌಸ್. ಶನಿವಾರದ ಬೆಳಿಗ್ಗೆ ಕಾರಿಡಾರಿನಲ್ಲಿ ಹೆತ್ತವರ ಸಾಲು. ಮಳೆ ನಿಂತು ಅಕ್ಟೋಬರಿನ ಸೆಕೆ ಏರಿದೆ. ತಂದೆಯರು ಕಚೇರಿಗೆ ಹೋಗುವಂತೆ ಇಸ್ತ್ರಿ ಅಂಗಿ ತೊಟ್ಟಿದ್ದಾರೆ. ಒಬ್ಬ ತಾಯಿ ತುಟಿಯೊಳಗೆ ಇಂಗ್ಲಿಷ್ ವಾಕ್ಯವೊಂದನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಾರೆ. ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಓದಿದ ಈ ಹೆತ್ತವರಿಗೆ ಎಬಿಸಿಡಿ ಶುರುವಾದದ್ದು ಐದನೆಯ ತರಗತಿಯಲ್ಲಿ. ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರ ನಂತರ, ಇವರು ಶಾಲೆ ಬಿಟ್ಟು ಎಷ್ಟೋ ಕಾಲವಾದ ಮೇಲೆ. ಪಿಯುಸಿಯಲ್ಲಿ ಎಲ್ಲ ಪಾಠ ಒಮ್ಮೆಲೇ ಇಂಗ್ಲಿಷಿಗೆ ತಿರುಗಿದಾಗ ಹಿಂದಿನ ಬೆಂಚು ಹುಡುಕಿಕೊಂಡವರು ಇವರು. ಪ್ರಶ್ನೆ ಕೇಳಬಾರದು, ಕಣ್ಣಿಗೆ ಬೀಳಬಾರದು ಎಂಬ ಪಾಠವನ್ನು ಅಲ್ಲಿ ಕಲಿತರು.

ತರಗತಿಯೊಳಗೆ ಹೆತ್ತವರು ಕೂರುವುದು ಮಕ್ಕಳ ಬೆಂಚಿನಲ್ಲೇ. ಮೊಣಕಾಲು ಮೇಜಿಗೆ ತಾಗುತ್ತದೆ. ಟೀಚರ್ ಒಳಗೆ ಬಂದಾಗ ಮುಂದಿನ ಸಾಲಿನಲ್ಲಿದ್ದ, ದೊಡ್ಡ ಕಂಪನಿಯೊಂದರಲ್ಲಿ ನೂರು ಜನರ ಮೇಲೆ ಅಧಿಕಾರ ನಡೆಸುವ ತಂದೆಯೊಬ್ಬರು ತಟಕ್ಕನೆ ಎದ್ದು ನಿಂತರು. ಟೀಚರ್‌ಗೆ ಮೂವತ್ತೂ ಆಗಿರಲಿಕ್ಕಿಲ್ಲ. "ಕೂತ್ಕೊಳ್ಳಿ ಸರ್," ಎಂದು ಆಕೆ ಸಂಕೋಚದಿಂದ ಹೇಳಿದರು. ಆಕೆಗೆ ಹೇಳಲಿಕ್ಕಿದ್ದ ವಿಷಯ ಚಿಕ್ಕದು. ಹುಡುಗ ಚುರುಕಾಗಿದ್ದಾನೆ, ಬರವಣಿಗೆ ಸ್ವಲ್ಪ ನಿಧಾನ, ಅಕ್ಕಪಕ್ಕದವರ ಜೊತೆ ಮಾತು ಜಾಸ್ತಿ. ತಂದೆಯ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಮುಖ ಕೆಂಪಾಯಿತು. "ಸಾರಿ ಮಿಸ್, ಇನ್ನು ಹಾಗಾಗುವುದಿಲ್ಲ," ಎಂದರು. ಮಾತಾಡಿದ್ದು ತಾವೇ ಎಂಬಂತೆ.

ಆ ದಿನ ಮಧ್ಯಾಹ್ನ ಮನೆಯಲ್ಲಿ ಹುಡುಗನಿಗೆ ಸಿಕ್ಕ ಬೈಗುಳ, ಟೀಚರ್ ಹೇಳಿದ ಮಾತಿಗಿಂತ ಎಷ್ಟೋ ಪಟ್ಟು ದೊಡ್ಡದು. ಅದರಲ್ಲಿ ಹೆಚ್ಚಿನ ಪಾಲು ಆ ತಂದೆ ತಮ್ಮ ಹೆಡ್ಮಾಸ್ಟ್ರಿಗೆ ಕೊಡಲಾಗದೆ ಉಳಿಸಿಕೊಂಡ ಉತ್ತರ.

ಹುಡುಗನ ಶಾಲೆ ನಿಯಮದಲ್ಲೇ ಬೇರೆ ಶಾಲೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 13ನೆಯ ಕಲಮು ಪ್ರವೇಶಕ್ಕೆ ಮುನ್ನ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷೆ, ಸಂದರ್ಶನಗಳಿಂದ ಆರಿಸುವುದನ್ನು ತಡೆಯುತ್ತದೆ. ಮೊದಲ ಸಲ ತಪ್ಪಿದರೆ 25,000 ರೂಪಾಯಿಯ ತನಕ, ಆಮೇಲೆ ಪ್ರತಿ ಸಲಕ್ಕೆ 50,000 ರೂಪಾಯಿಯ ತನಕ ದಂಡ. ನೆರೂಳಿನ ಯುವ ಹೆತ್ತವರು ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಸಂದರ್ಶನದ ಕನಸು ಕಂಡು ಬೆವರುವಾಗ ಈ ಕಲಮನ್ನು ನೆನಪಿಟ್ಟುಕೊಳ್ಳಬೇಕು. ಯಾವುದೇ ಶಾಲೆ ಅದನ್ನು ಮುರಿದರೆ ತಲೆ ತಗ್ಗಿಸಬೇಕಾದವರು ಹೆತ್ತವರಲ್ಲ. ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ. ಹಿಂದಿನ ಬೆಂಚಿನಲ್ಲಿ ಕಲಿತ ಮೌನವನ್ನು ಈ ಒಂದು ವಿಷಯದಲ್ಲಾದರೂ ಮುರಿಯಬೇಕು.

ಫೆಬ್ರುವರಿ ಬರುತ್ತಿದ್ದಂತೆ ಪಾಮ್ ಬೀಚ್ ರಸ್ತೆಯ ಆಚೆಯ ಜೌಗಿನಲ್ಲಿ ಫ್ಲೆಮಿಂಗೋ ಹಕ್ಕಿಗಳು ಗುಲಾಬಿ ಬಣ್ಣದ ಸಾಲು ಹಾಕುತ್ತವೆ. ಊರಿನವರು ಕ್ಯಾಮೆರಾ ಹಿಡಿದು ಅವುಗಳನ್ನು ನೋಡಲು ಹೋಗುತ್ತಾರೆ, ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರನ್ನು ಬಿಟ್ಟು. ಆ ಮನೆಗಳಲ್ಲಿ ಟಿವಿಗೆ ಬಟ್ಟೆ ಮುಚ್ಚಿದೆ. ಅತಿಥಿಗಳಿಗೆ ಬರಬೇಡಿ ಎಂದಿದ್ದಾರೆ. ಮೇಜಿನ ಮೇಲೆ 'ಇಪ್ಪತ್ತೊಂದು ಅಪೇಕ್ಷಿತ' ಪ್ರಶ್ನೆಪತ್ರಿಕೆಗಳ ಕಟ್ಟು.

ಪರೀಕ್ಷೆಯ ದಿನ ಕೇಂದ್ರದ ಹೊರಗೆ ಮರದ ನೆರಳಿನಲ್ಲಿ ಹೆತ್ತವರು ನಿಂತಿದ್ದಾರೆ. ಮಕ್ಕಳನ್ನು ಒಳಗೆ ಬಿಟ್ಟ ಮೇಲೂ ಹೆಚ್ಚಿನವರು ಮನೆಗೆ ಹೋಗಿಲ್ಲ. ಗಂಟೆ ಬಾರಿಸಿದಾಗ ಅವರ ಮಾತು ನಿಲ್ಲುತ್ತದೆ. ಒಬ್ಬರು ಗಡಿಯಾರ ನೋಡಿ, "ಈಗ ಪೇಪರ್ ಕೊಟ್ಟಿರ್ತಾರೆ," ಎನ್ನುತ್ತಾರೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಇಲ್ಲದ ಪೆನ್ನನ್ನು ಹಿಡಿದಂತೆ ಅವರ ಕೈ ಬಿಗಿಯಾಗಿದೆ. "ನನಗೆ ಈಗಲೂ ಕನಸು ಬೀಳ್ತದೆ. ಹಾಲ್ ಟಿಕೆಟ್ ಸಿಗುವುದಿಲ್ಲ. ಸಿಕ್ಕಿದರೆ ರೂಮು ಸಿಗುವುದಿಲ್ಲ. ಎಚ್ಚರ ಆದ ಮೇಲೆ ನಾನು ಪಾಸಾಗಿ ಇಪ್ಪತ್ತೈದು ವರ್ಷ ಆಯ್ತು ಅಂತ ನೆನಪಾಗ್ತದೆ," ಎಂದು ಇನ್ನೊಬ್ಬರು ಹೇಳಿದಾಗ ಸುತ್ತಲಿದ್ದ ಮೂರು ನಾಲ್ಕು ಜನ ಒಟ್ಟಿಗೆ "ನನಗೂ" ಎಂದರು.

ಈ ಕನಸು ನೆರೂಳಿನದೂ ಅಲ್ಲ, ನಮ್ಮ ಕಾಲದ್ದೂ ಅಲ್ಲ. ಸಿಗ್ಮಂಡ್ ಫ್ರಾಯ್ಡ್ ಕನಸುಗಳ ಬಗ್ಗೆ ಬರೆದ ಪ್ರಸಿದ್ಧ ಗ್ರಂಥದಲ್ಲಿ ಪರೀಕ್ಷೆಯ ಕನಸಿಗೆ ಪ್ರತ್ಯೇಕ ಜಾಗವಿದೆ. ಇಂಥ ಕನಸು ಬೀಳುವುದು ಪಾಸಾದವರಿಗೆ ಎಂಬ ಸಂಗತಿಯನ್ನು ಅವನು ಗುರುತಿಸಿದ. ತಾನು ನ್ಯಾಯವೈದ್ಯಶಾಸ್ತ್ರದಲ್ಲಿ ನಪಾಸಾಗಿದ್ದೆ, ಆದರೆ ಆ ಪರೀಕ್ಷೆ ಎಂದೂ ಕನಸಿನಲ್ಲಿ ಬರಲಿಲ್ಲ, ಪಾಸಾದ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರಗಳೇ ಬಂದು ಕಾಡಿದವು ಎಂದು ಬರೆದುಕೊಂಡ. ನಾಳೆ ಹೊರಬೇಕಾದ ಜವಾಬ್ದಾರಿ ಭಾರವೆನಿಸಿದಾಗ ಮನಸ್ಸು ಹಳೆಯ ಪರೀಕ್ಷೆಯನ್ನು ಎಳೆದು ತರುತ್ತದೆ ಎಂಬುದು ಅವನು ಕಂಡುಕೊಂಡ ಕಾರಣ. ಮಗುವನ್ನು ಬೆಳೆಸುವುದಕ್ಕಿಂತ ಭಾರವಾದ ಜವಾಬ್ದಾರಿ ಯಾವುದಿದೆ? ಮರದ ನೆರಳಿನಲ್ಲಿ ನಿಂತ ಆ ತಂದೆ ತಾಯಿಯರು ನಿಜವಾಗಿ ಬರೆಯುತ್ತಿರುವುದು ತಮ್ಮದೇ ಪರೀಕ್ಷೆ. ನಾನು ಒಳ್ಳೆಯ ಅಪ್ಪನೇ, ಒಳ್ಳೆಯ ಅಮ್ಮನೇ ಎಂಬ ಪ್ರಶ್ನೆಗೆ ಅವರು ಮಗುವಿನ ಅಂಕಪಟ್ಟಿಯಲ್ಲಿ ಉತ್ತರ ಹುಡುಕುತ್ತಿದ್ದಾರೆ. ಹದಿನೈದರ ಮಗು ಎರಡು ಉತ್ತರಪತ್ರಿಕೆಗಳನ್ನು ಒಟ್ಟಿಗೆ ಬರೆಯಬೇಕಾಗಿ ಬಂದಿದೆ.

ಹಳೆಯ ಹೆದರಿಕೆ ಯಾರಿಂದ ದಾಟುತ್ತದೆ, ಯಾರಲ್ಲಿ ನಿಲ್ಲುತ್ತದೆ? ಸೆಲ್ಮಾ ಫ್ರೈಬರ್ಗ್ ಎಂಬ ಅಮೆರಿಕದ ಮನೋವಿಶ್ಲೇಷಕಿ ತನ್ನ ಜೊತೆಗಾರರೊಂದಿಗೆ 1975ರಲ್ಲಿ ಪ್ರಕಟಿಸಿದ ಒಂದು ಲೇಖನ ಇದಕ್ಕೆ ಉತ್ತರ ಹುಡುಕಿತು. ನೋವಿನ ಬಾಲ್ಯ ಕಂಡ ಎಲ್ಲರೂ ಆ ನೋವನ್ನು ಮಕ್ಕಳಿಗೆ ದಾಟಿಸುವುದಿಲ್ಲ. ನಡೆದದ್ದನ್ನು ವಿವರವಾಗಿ ನೆನಪಿಟ್ಟುಕೊಂಡು, ಆಗ ಆದ ನೋವನ್ನು ಮಾತ್ರ ಮರೆತವರಲ್ಲಿ ಅದು ಮರುಕಳಿಸುತ್ತದೆ. ಆ ನೋವನ್ನು ನೋವಾಗಿಯೇ ನೆನೆಯಬಲ್ಲವರು ಅದನ್ನು ತಮ್ಮ ಮಗುವಿಗೆ ಕೊಡಲಾರರು. "ಪೆಟ್ಟು ತಿಂದೇ ಕಲಿತದ್ದು" ಎಂಬ ಹೆಮ್ಮೆಯ ಮಾತಿಗೂ "ಪೆಟ್ಟು ಬಿದ್ದಾಗ ನನಗೆ ಭಯ ಆಗಿತ್ತು, ನಾಚಿಕೆ ಆಗಿತ್ತು" ಎಂಬ ಮಾತಿಗೂ ಇರುವ ಅಂತರ ಇದು.

ನೋವನ್ನು ನೋವಾಗಿ ನೆನೆದ ಒಬ್ಬ ಹಿರಿಯರು ನಮ್ಮ ಮೈಸೂರಿನಲ್ಲೇ ಇದ್ದರು. ಆರ್.ಕೆ. ನಾರಾಯಣ್ ಹೆಡ್ಮಾಸ್ಟರ ಮಗ, ಆದರೂ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದವರು. 1935ರಲ್ಲಿ ಬಂದ ಅವರ ಮೊದಲ ಕಾದಂಬರಿಯ ಹುಡುಗ ಸ್ವಾಮಿಗೆ ಸೋಮವಾರ ಬೆಳಗಾದರೆ ಶಾಲೆಯ ಸಂಕಟ. ಅದಾಗಿ ಅರ್ಧ ಶತಮಾನದ ನಂತರ, 1989ರಲ್ಲಿ, ಎಂಬತ್ತು ದಾಟಿದ ನಾರಾಯಣ್ ರಾಜ್ಯಸಭೆಯಲ್ಲಿ ಮಾತನಾಡಲು ಎದ್ದು ನಿಂತಾಗ ಆರಿಸಿಕೊಂಡ ವಿಷಯ ಶಾಲಾ ಮಕ್ಕಳ ಬೆನ್ನಿನ ಚೀಲ. ಹೊರೆಗೆ ಬಾಗಿದ ಬೆನ್ನು, ಮುಂದಕ್ಕೆ ಜೋತುಬಿದ್ದ ಕೈಗಳ ಚಿತ್ರವನ್ನು ಸಭೆಯ ಮುಂದೆ ಇಟ್ಟರು. ಆ ಮಾತು ಎಬ್ಬಿಸಿದ ಚರ್ಚೆಯ ಬೆನ್ನಿಗೆ ಕೇಂದ್ರ ಸರ್ಕಾರ ವಿಜ್ಞಾನಿ ಯಶ್ ಪಾಲ್ ಅವರ ಸಮಿತಿ ನೇಮಿಸಿತು. 1993ರಲ್ಲಿ ಹೊರೆಯಿಲ್ಲದ ಕಲಿಕೆಯ ವರದಿ ಬಂತು. 2020ರ ಶಾಲಾ ಚೀಲ ನೀತಿ ಚೀಲದ ತೂಕ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು ಎಂದಿತು. ನಾರಾಯಣ್ ಅವರಿಗೆ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಹೆಮ್ಮೆಯ ಭಾಷಣ ಮಾಡುವುದು ಸುಲಭವಿತ್ತು. ಅವರು ಮಗುವಿನ ಪರ ನಿಂತರು.

ಮೇ ತಿಂಗಳು. ಫಲಿತಾಂಶ ಮೊಬೈಲಿನಲ್ಲಿ ಬಂದುಹೋಗಿದೆ. ಪನವೇಲಿನಲ್ಲಿ ಮತ್ಸ್ಯಗಂಧ ರೈಲು ಹತ್ತಿದ ನೆರೂಳಿನ ಕುಟುಂಬವೊಂದು ಬೆಳಗಾಗುವ ಹೊತ್ತಿಗೆ ಉಡುಪಿಯಲ್ಲಿ ಇಳಿಯುತ್ತದೆ. ಊರಿನ ಮನೆಗೆ ಹೋಗುವ ದಾರಿಯಲ್ಲಿ ತಂದೆ ಓದಿದ ಶಾಲೆ. ಬೇಸಿಗೆ ರಜೆ, ಗೇಟಿಗೆ ಬೀಗ. ಅಂಗಳದಲ್ಲಿ ಹಲಸಿನ ಎಲೆಗಳು ಉದುರಿವೆ. ಎಂಟನೆಯ ತರಗತಿಯ ಮಗಳು ಕಿಟಕಿಯ ಸರಳಿನಿಂದ ಒಳಗೆ ಇಣುಕುತ್ತಾಳೆ.

"ಇಷ್ಟು ಚಿಕ್ಕದಾ ಪಪ್ಪ ನಿಮ್ಮ ಕ್ಲಾಸು?"

"ಆಗ ದೊಡ್ಡದಿತ್ತು," ಎನ್ನುತ್ತಾರೆ ತಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೂಲೆ ಕಾಣ್ತದಾ? ಅಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ರು. ಇಂಗ್ಲಿಷ್ ಓದಲಿಕ್ಕೆ ಬರ್ಲಿಲ್ಲ ಅಂತ. ನಾನು ಅತ್ತೆ. ಮನೆಯಲ್ಲಿ ಯಾರಿಗೂ ಹೇಳ್ಲಿಲ್ಲ," ಎನ್ನುತ್ತಾರೆ.

ಮಗಳು ತಂದೆಯ ಮುಖ ನೋಡುತ್ತಾಳೆ. ಹೆದರಿಕೆಯಿಲ್ಲದೆ, ಕನಿಕರದಿಂದ. "ನನಗೂ ಸೈನ್ಸ್ ಓರಲ್ಸ್ ಅಂದ್ರೆ ಹಾಗೇ ಆಗ್ತದೆ," ಎಂದು ಮೊದಲ ಬಾರಿಗೆ ಬಾಯಿ ಬಿಡುತ್ತಾಳೆ. ಒಂದು ವರ್ಷದ ಟ್ಯೂಷನ್ನಿಗೆ, ಡೈರಿಯ ಸಹಿಗೆ, ಊಟದ ಮೇಜಿನ ವಿಚಾರಣೆಗೆ ಸಿಗದ ಉತ್ತರ ಬೀಗ ಹಾಕಿದ ಶಾಲೆಯ ಕಿಟಕಿಯ ಬಳಿ ಸಿಕ್ಕಿತು. ತಂದೆ ತಮ್ಮ ಹೆದರಿಕೆಗೆ ಹೆಸರು ಹೇಳಿದ ಮೇಲೆ ಮಗಳಿಗೂ ತನ್ನ ಹೆದರಿಕೆಯ ಹೆಸರು ಹೇಳಲು ಧೈರ್ಯ ಬಂತು.

ಹೆತ್ತವರ ಹೆದರಿಕೆಗೆ ಕಾರಣವಿತ್ತು. ಅವರ ಕಾಲದಲ್ಲಿ ಒಂದು ವಿಷಯ ಹೋದರೆ ಅಕ್ಟೋಬರಿನ ಪರೀಕ್ಷೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಒಂದು ವರ್ಷ ಕೈಬಿಟ್ಟು ಹೋಗುತ್ತಿತ್ತು, ಎಷ್ಟೋ ಸಲ ಓದೇ ನಿಂತುಹೋಗುತ್ತಿತ್ತು. ಈಗ ಕರ್ನಾಟಕ 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಸುತ್ತಿದೆ. ಸಿಬಿಎಸ್‌ಇ 2026ರಿಂದ ಹತ್ತನೆಯ ತರಗತಿಗೆ ಎರಡು ಪರೀಕ್ಷೆಗಳ ಪದ್ಧತಿ ತಂದಿದೆ. ಮಕ್ಕಳಿಗೆ ಇಂದು ಕಷ್ಟಗಳಿಲ್ಲವೆಂದಲ್ಲ. ಪೈಪೋಟಿ ಹೆಚ್ಚಿದೆ, ಪಾಠ ಹೆಚ್ಚಿದೆ, ಮೊಬೈಲಿನಲ್ಲಿ ಒಬ್ಬರ ಅಂಕ ಇನ್ನೊಬ್ಬರ ಮನೆಗೆ ನಿಮಿಷದಲ್ಲಿ ತಲುಪುತ್ತದೆ. ಆ ಕಷ್ಟಗಳು ಅವರವೇ. ಅವುಗಳನ್ನು ಎದುರಿಸಲು ಅವರಿಗೆ ಪೂರ್ತಿ ಬಲ ಬೇಕು. ಅದರಲ್ಲಿ ಅರ್ಧ ಬಲ ಅಪ್ಪನ ಬೆತ್ತ, ಅಮ್ಮನ ಸುಣ್ಣದ ಕಡ್ಡಿಗಳನ್ನು ಹೊರುವುದಕ್ಕೆ ಖರ್ಚಾಗಬಾರದು.

ಆದ್ದರಿಂದ ನೆರೂಳಿನಲ್ಲಿ, ಡೊಂಬಿವಲಿಯಲ್ಲಿ, ಬೆಂಗಳೂರಿನಲ್ಲಿ, ಎಲ್ಲೇ ಇರುವ ಕನ್ನಡದ ತಂದೆ ತಾಯಿಯರಲ್ಲಿ ಒಂದು ಬೇಡಿಕೆ. ನಿಮ್ಮ ಮಗುವಿಗೆ ನಿಮ್ಮ ಶಾಲೆಯ ಕಥೆ ಹೇಳಿ. ಗೆದ್ದ ಕಥೆಗಿಂತ ಮೊದಲು ಹೆದರಿದ ಕಥೆ ಹೇಳಿ. ಯಾವ ತರಗತಿ, ಯಾವ ಪಿರಿಯಡ್, ಹೊಟ್ಟೆಯೊಳಗೆ ಹೇಗಾಯಿತು ಎಂಬುದನ್ನು ಮರೆಮಾಚದೆ ಹೇಳಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕೇಳಿ. ರಾತ್ರಿ ಶಾಲೆಯ ಬೆಂಚಿನಲ್ಲಿ ಅವರಿಗೆ ಏನನಿಸಿತ್ತು ಎಂದು ಇಷ್ಟು ವರ್ಷ ಯಾರೂ ಕೇಳಿಲ್ಲ. ಗಣಿತ ಕಂಡರೆ ನಿಮ್ಮ ದನಿ ಏರುತ್ತದೆಯೆಂದು ಗೊತ್ತಿದ್ದರೆ ಆ ಪುಸ್ತಕವನ್ನು ಮನೆಯ ಇನ್ನೊಬ್ಬರಿಗೆ ಕೊಡಿ, ಇಲ್ಲವೇ ಮಗುವಿನಿಂದಲೇ ಕಲಿಯಲು ಕೂತುಕೊಳ್ಳಿ. ಓಪನ್ ಹೌಸಿನಿಂದ ಬಂದ ದಿನ ಟೀಚರ್ ಹೇಳಿದ್ದಷ್ಟನ್ನೇ ಹೇಳಿ, ನಿಮ್ಮ ಹೆಡ್ಮಾಸ್ಟ್ರ ಮಾತನ್ನು ಅದಕ್ಕೆ ಸೇರಿಸಬೇಡಿ. ನಿಮ್ಮ ಪರೀಕ್ಷೆಗಳೆಲ್ಲ ಮುಗಿದಿವೆ, ನೀವು ಪಾಸಾಗಿದ್ದೀರಿ. ಈಗ ಶಾಲೆಗೆ ಹೋಗುವ ಸರದಿ ನಿಮ್ಮ ಮಗುವಿನದು. ಅದನ್ನು ಅದರ ಶಾಲೆಗೆ ಕಳಿಸಿ.